ಭಯಕ್ಕೆ ಕಾರಣ ಹುಡುಕುವ ಮನಸ್ಸು: 1934ರ ಬಿಹಾರ ಭೂಕಂಪದ ವದಂತಿಗಳು ಮತ್ತು ಮನೋವಿಜ್ಞಾನ

1934ರ ಜನವರಿ 15, ಅಮಾವಾಸ್ಯೆ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಬಿಹಾರ–ನೇಪಾಳ ಗಡಿಯ ನೆಲ ನಡುಗಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು; ಮುಂಗೇರ್, ಮುಜಫ್ಫರಪುರ ಪಟ್ಟಣಗಳು ಕುಸಿದುಬಿದ್ದವು. ಸಾವುನೋವು ಕೆಲವು ಭಾಗಗಳಿಗೆ ಸೀಮಿತವಾಗಿದ್ದರೂ ನಡುಕ ಬಹುದೂರದವರೆಗೆ ತಟ್ಟಿತ್ತು. ಮುಂದಿನ ದಿನಗಳಲ್ಲಿ ಜನರ ಬಾಯಲ್ಲಿ ಹರಿದಾಡಿದ ಮಾತುಗಳನ್ನು ಪಟ್ನಾದ ಮನೋವಿಜ್ಞಾನಿ ಜಮುನಾ ಪ್ರಸಾದ್ ಕಲೆಹಾಕಿದರು. ಗಂಗೆಯ ನೀರು ಇದ್ದಕ್ಕಿದ್ದಂತೆ ಮಾಯವಾಗಿ ಸ್ನಾನಕ್ಕಿಳಿದವರು ಮರಳಿನಲ್ಲಿ ಹೂತುಹೋದರು ಎಂಬುದೊಂದು ಸುದ್ದಿ. ನೇಪಾಳದ ಕಡೆಯಿಂದ ಮಧುಬನಿಯತ್ತ ಪ್ರವಾಹ ನುಗ್ಗುತ್ತಿದೆ ಎಂಬುದು ಇನ್ನೊಂದು. ಜನವರಿ 18–19ಕ್ಕೆ ಪಟ್ನಾದಲ್ಲಿ ಚಂಡಮಾರುತ, ಚಂದ್ರಗ್ರಹಣದ ದಿನ ಮತ್ತೊಂದು ಭೂಕಂಪ, ಫೆಬ್ರವರಿ 26ಕ್ಕೆ ಪ್ರಳಯ ಎಂದು ದಿನ ಗೊತ್ತುಮಾಡಿ ಹೇಳಿದ ಮಾತುಗಳೂ ಇದ್ದವು.

ಬದುಕುಳಿದವರು ನೆಮ್ಮದಿಯ ಮಾತಿಗಾಗಿ ಹಂಬಲಿಸಬೇಕಲ್ಲವೇ? ಆಗಿಹೋದದ್ದಕ್ಕಿಂತ ಘೋರವಾದದ್ದು ಬರಲಿದೆ ಎಂಬ ಮಾತನ್ನು ಅವರು ನಂಬಿದ್ದೇಕೆ, ನಂಬಿ ಇನ್ನೊಬ್ಬರಿಗೆ ದಾಟಿಸಿದ್ದೇಕೆ? ಈ ಪ್ರಶ್ನೆಯೇ ಮುಂದೆ ಇಪ್ಪತ್ತನೆಯ ಶತಮಾನದ ಬಹು ಪ್ರಭಾವಶಾಲಿ ಮನೋವೈಜ್ಞಾನಿಕ ಸಿದ್ಧಾಂತವೊಂದಕ್ಕೆ ಮೂಲವಾಯಿತು. ಆದರೆ ಆ ಸಿದ್ಧಾಂತ ಪ್ರಸಾದರ ಕೆಲಸದಿಂದ ತನಗೆ ಬೇಕಾದ ಎಳೆಯೊಂದನ್ನಷ್ಟೇ ಎತ್ತಿಕೊಂಡಿತು. ಬಿಟ್ಟುಹೋದ ಭಾಗವೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಲೇಖನದ ವಾದ.

ಪ್ರಸಾದರ ಲೇಖನ 1935ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ ಪ್ರಕಟವಾಯಿತು. ವದಂತಿ ಹುಟ್ಟುವ ಸನ್ನಿವೇಶಕ್ಕೆ ಅವರು ಐದು ಲಕ್ಷಣಗಳನ್ನು ಗುರುತಿಸಿದ್ದರು. ಅದು ಮನಸ್ಸನ್ನು ಕಲಕುವಂಥದ್ದು, ಅಪರೂಪದ್ದು, ಅದರಲ್ಲಿ ಜನರಿಗೆ ತಿಳಿಯದ ಅಂಶಗಳು ಹಲವು, ಪರೀಕ್ಷಿಸಿ ನೋಡಲಾಗದ ಅಂಶಗಳೂ ಹಲವು, ಕೊನೆಯದಾಗಿ, ಅದು ಇಡೀ ಗುಂಪಿಗೆ ಸಂಬಂಧಪಟ್ಟದ್ದು. ಈ ಕೊನೆಯ ಲಕ್ಷಣ ಬಹಳ ಮುಖ್ಯ. ಪ್ರಸಾದರ ದೃಷ್ಟಿಯಲ್ಲಿ ವದಂತಿಯೆಂದರೆ ಒಬ್ಬನ ತಲೆಯೊಳಗಿನ ತಪ್ಪು ಲೆಕ್ಕವಲ್ಲ. ದಿಕ್ಕು ತಪ್ಪಿದ ಸಮುದಾಯವೊಂದು ತನ್ನ ಪುರಾಣ, ಜ್ಯೋತಿಷ್ಯ, ಪರಂಪರೆಗಳ ಕಣಜದಿಂದ ವಿವರಣೆಯನ್ನು ಹೊರತೆಗೆಯುವ ಸಾಮೂಹಿಕ ಪ್ರಯತ್ನ ಅದು. ಮುಂದಿನ ಹುಣ್ಣಿಮೆ, ಜನವರಿ 30ಕ್ಕೆ, ಪಾರ್ಶ್ವ ಚಂದ್ರಗ್ರಹಣ ನಿಜಕ್ಕೂ ಇತ್ತು. ಭಯಕ್ಕೆ ಬೇಕಾಗಿದ್ದ ದಿನಾಂಕ ಪಂಚಾಂಗದಲ್ಲೇ ಸಿಕ್ಕಿತು. ಇಂಥ ವಿವರಣೆಯ ಹಸಿವು ಅಕ್ಷರ ಬಾರದವರದು ಮಾತ್ರ ಎಂದುಕೊಳ್ಳುವಂತಿಲ್ಲ. ಇದೇ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಟ್ಯಾಗೋರರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು.

1947ರಲ್ಲಿ ಮನೋವಿಜ್ಞಾನಿಗಳಾದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ವದಂತಿಯ ಅಧ್ಯಯನವನ್ನು ಪ್ರಯೋಗಾಲಯಕ್ಕೆ ತಂದರು. ಒಬ್ಬ ಚಿತ್ರ ನೋಡಿ ಇನ್ನೊಬ್ಬನಿಗೆ ಹೇಳುವುದು, ಅವನು ಮತ್ತೊಬ್ಬನಿಗೆ. ವಿವರಗಳು ಹೇಗೆ ಉದುರುತ್ತವೆ ಎಂದು ಇದರಿಂದ ಚೆನ್ನಾಗಿ ತಿಳಿಯಿತು. ಆದರೆ ಆ ಸರಪಣಿಯಲ್ಲಿ ಕೇಳಿದವನು ಮರುಪ್ರಶ್ನೆ ಹಾಕುವ ಹಾಗಿರಲಿಲ್ಲ. ಪ್ರಸಾದರ ಸಾಮಾಜಿಕ ನೋಟ ಇಲ್ಲಿ ಕಳೆದುಹೋಯಿತೆಂದು ವದಂತಿಯ ಸಂಶೋಧಕರಾದ ಬೋರ್ಡಿಯಾ ಮತ್ತು ಡಿಫಾಂಜೊ 2002ರಲ್ಲಿ ಹೇಳಿದ್ದು ಸರಿಯಾಗಿಯೇ ಇದೆ.

ಇನ್ನೊಂದು ಕವಲು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ ಅವರದು. 1950ರ ದಶಕದ ಆರಂಭದಲ್ಲಿ ಸಂವಹನದ ಅಧ್ಯಯನಗಳನ್ನು ಪರಾಮರ್ಶಿಸುತ್ತಿದ್ದ ಅವರ ತಂಡದ ಕೈಗೆ ಪ್ರಸಾದರ ಲೇಖನ ಸಿಕ್ಕಿತು. ಈ ವದಂತಿಗಳು ಭಯ ಹುಟ್ಟಿಸಲಿಲ್ಲ, ಆಗಲೇ ಇದ್ದ ಭಯವನ್ನು ಸಮರ್ಥಿಸಿದವು ಎಂಬುದು ಅವರಿಗೆ ಹೊಳೆದ ಉತ್ತರ. ನಡುಕವಷ್ಟೇ ತಟ್ಟಿ ಹಾನಿಯಾಗದ ಊರಿನವರ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ, ಸುತ್ತ ನೋಡಿದರೆ ಎಲ್ಲ ನೆಟ್ಟಗಿದೆ. ಈ ಎರಡು ಅರಿವುಗಳು ಒಂದಕ್ಕೊಂದು ಹೊಂದುವುದಿಲ್ಲ. ಮುಂದೆ ಪ್ರಳಯವಿದೆ ಎಂದುಬಿಟ್ಟರೆ ಭಯ ನ್ಯಾಯವಾದದ್ದೇ ಆಗುತ್ತದೆ. ಇದಕ್ಕೆ ಜೋಡಿಯಾಗಿ ಅವರು ದುರ್ಗಾನಂದ ಸಿನ್ಹಾ ಅವರ 1952ರ ಅಧ್ಯಯನವನ್ನಿಟ್ಟರು. 1950ರ ಡಾರ್ಜಿಲಿಂಗ್ ಭೂಕುಸಿತದಲ್ಲಿ ಸಾವನ್ನೂ ಹಾನಿಯನ್ನೂ ಕಣ್ಣಾರೆ ಕಂಡವರಲ್ಲಿ ಮುಂಬರುವ ವಿಪತ್ತಿನ ಭವಿಷ್ಯವಾಣಿಗಳು ಹರಡಲಿಲ್ಲ. ಅವರ ಭಯಕ್ಕೆ ಕಾರಣ ಕಣ್ಣೆದುರೇ ಇತ್ತು. 1957ರಲ್ಲಿ ಈ ಚಿಂತನೆ ‘ಅರಿವಿನ ವಿಸಂಗತಿ’ಯ ಸಿದ್ಧಾಂತವಾಗಿ ಪುಸ್ತಕರೂಪ ತಳೆಯಿತು.

ಒಳನೋಟ ಅಪೂರ್ವವಾದದ್ದು, ಸಂಶಯವಿಲ್ಲ. ಹಾಗಿದ್ದರೂ ಈ ಹೋಲಿಕೆಯನ್ನು ಪುರಾವೆ ಎನ್ನಲು ನನಗೆ ಒಪ್ಪಿಗೆಯಿಲ್ಲ. ಎರಡು ಊರು, ಎರಡು ಕಾಲ, ಎರಡು ಬಗೆಯ ವಿಪತ್ತು. ವ್ಯತ್ಯಾಸಕ್ಕೆ ವಿಸಂಗತಿಯೊಂದೇ ಕಾರಣವೆಂದು ಹೇಗೆ ಹೇಳುವುದು? ಪಟ್ನಾ ನಗರವೂ ಹಾನಿಯಿಂದ ಪೂರ್ತಿ ಪಾರಾಗಿರಲಿಲ್ಲ. ಭೂಕಂಪದ ನಂತರ ಮರುಕಂಪನಗಳು ಬರುವುದು ಸಹಜವಾದ್ದರಿಂದ ಇನ್ನೊಮ್ಮೆ ನಡುಗೀತು ಎಂಬ ಅಂಜಿಕೆ ಅವಿವೇಕವೂ ಅಲ್ಲ.

ಪ್ರಯೋಗಾಲಯದಲ್ಲಿ ಸಿದ್ಧಾಂತ ಬಲ ಪಡೆದದ್ದು ನಿಜ. 1959ರಲ್ಲಿ ಫೆಸ್ಟಿಂಜರ್ ಮತ್ತು ಕಾರ್ಲ್‌ಸ್ಮಿತ್ ಅವರು ಬೇಸರ ತರಿಸುವ ಕೆಲಸ ಮಾಡಿಸಿ, ಅದು ಸೊಗಸಾಗಿತ್ತೆಂದು ಇನ್ನೊಬ್ಬರಿಗೆ ಸುಳ್ಳು ಹೇಳಿಸಿದರು. 20 ಡಾಲರ್ ಪಡೆದವರಿಗಿಂತ 1 ಡಾಲರ್ ಪಡೆದವರೇ ಆ ಕೆಲಸವನ್ನು ಹೆಚ್ಚು ಮೆಚ್ಚಿದರು. ಸುಳ್ಳಿಗೆ ಹಣದ ನೆಪ ಸಾಲದವರು ತಮ್ಮ ಅಭಿಪ್ರಾಯವನ್ನೇ ಬದಲಿಸಿಕೊಂಡಿದ್ದರು. ಆದರೆ 2024ರಲ್ಲಿ 39 ಪ್ರಯೋಗಾಲಯಗಳು ಕೂಡಿ ಇದೇ ಪರಂಪರೆಯ ಇನ್ನೊಂದು ಬಗೆಯ ಪ್ರಯೋಗವನ್ನು ಮತ್ತೆ ನಡೆಸಿದಾಗ, ತಮ್ಮ ನಿಲುವಿಗೆ ವಿರುದ್ಧವಾಗಿ ಪ್ರಬಂಧ ಬರೆದವರ ಅಭಿಪ್ರಾಯ ಸರಿದದ್ದು ಕಂಡಿತಾದರೂ, ಸ್ವಂತ ಆಯ್ಕೆಯಿಂದ ಬರೆದವರಿಗೂ ಹೇಳಿಸಿಕೊಂಡು ಬರೆದವರಿಗೂ ಸಿದ್ಧಾಂತ ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ.

ಬೆಂಗಳೂರಿನ ಒಂದು ಘಟನೆಯ ಮುಂದೆ ಪ್ರಸಾದರ ಮತ್ತು ಫೆಸ್ಟಿಂಜರರ ಎರಡೂ ನೋಟಗಳನ್ನು ಇಟ್ಟು ನೋಡಬಹುದು. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಹಿಂಸಾಚಾರ ನಡೆಯಿತು. ಆಗಸ್ಟ್ ನಡುವಿನ ಹೊತ್ತಿಗೆ, ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಿದು, ಸಾವಿರಾರು ಜನ ನಗರ ರೈಲು ನಿಲ್ದಾಣದಲ್ಲಿ ಕಿಕ್ಕಿರಿದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಹಿಂಸೆ ಎಲ್ಲೋ ದೂರ, ಭಯ ಇಲ್ಲಿ, ವದಂತಿ ನಾಳೆಯದು: ಮೇಲ್ನೋಟಕ್ಕೆ ಇದು ಫೆಸ್ಟಿಂಜರ್ ಹೇಳಿದ ಮಾದರಿಯೇ. ಆದರೆ ಆ ಭಯಕ್ಕೆ ನೆಲೆಯಿರಲಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆ ದಿನಗಳಲ್ಲೇ ಮೈಸೂರಿನಲ್ಲಿ ಟಿಬೆಟನ್ ವಿದ್ಯಾರ್ಥಿಯೊಬ್ಬನಿಗೆ ಚೂರಿ ಇರಿಯಲಾಗಿತ್ತು. ಮುಖಚಹರೆ ನೋಡಿ ಕರೆಯುವ ಅಡ್ಡಹೆಸರುಗಳನ್ನು ಈಶಾನ್ಯದ ಯುವಜನ ನಮ್ಮ ನಗರಗಳಲ್ಲಿ ವರ್ಷಗಟ್ಟಲೆ ಸಹಿಸಿದ್ದರು. ಊರಿನಿಂದ ತಂದೆತಾಯಿ ಫೋನ್ ಮಾಡಿ ಬಂದುಬಿಡಿ ಎನ್ನುತ್ತಿದ್ದರು. ರೈಲು ಹತ್ತುವ ನಿರ್ಧಾರ ಬರೀ ಒಂಟಿ ಮನಸ್ಸಿನೊಳಗಿನ ಹೊಂದಾಣಿಕೆಯಲ್ಲ. ಕೋಣೆಯ ಜೊತೆಗಾರರು, ಸಹೋದ್ಯೋಗಿಗಳು, ಮನೆಯವರು ಸೇರಿ ಮಾಡಿದ ತೀರ್ಮಾನ. ಪ್ರಸಾದರ ಚೌಕಟ್ಟು ಇಲ್ಲಿ ಹೆಚ್ಚು ಹೊಂದುತ್ತದೆ.

ಸರ್ಕಾರದ ಪ್ರತಿಕ್ರಿಯೆಯನ್ನೂ ಅದೇ ಚೌಕಟ್ಟಿನಲ್ಲಿ ಅಳೆಯಬಹುದು. ರಾಜ್ಯದ ಗೃಹಸಚಿವರು ನಿಲ್ದಾಣಕ್ಕೇ ಹೋಗಿ ರಕ್ಷಣೆಯ ಭರವಸೆ ಕೊಟ್ಟರು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಸಾಮೂಹಿಕ ಎಸ್ಸೆಮ್ಮೆಸ್ ನಿರ್ಬಂಧಿಸಿ ಐದು ಸಂದೇಶಗಳ ಮಿತಿ ಹೇರಿತು. ಮೊದಲನೆಯದು ತಿಳಿಯದ್ದನ್ನು ತಿಳಿಸುವ, ಕಲಕಿದ ಮನಸ್ಸನ್ನು ತಣಿಸುವ ಪ್ರಯತ್ನ. ಎರಡನೆಯದು ಸಂದೇಶದ ದಾರಿಯನ್ನು ಕಿರಿದುಮಾಡಿತು; ಪ್ರಸಾದರು ಹೆಸರಿಸಿದ ಐದು ಲಕ್ಷಣಗಳಲ್ಲಿ ಒಂದನ್ನೂ ಅದು ಮುಟ್ಟಲಿಲ್ಲ.