ಜರ್ಮನಿಯ ಕವಿ ವಾಲ್ಟರನೂ ರಾಜಾಶ್ರಯವೂ

ಕ್ರಿ. ಶ. 12ನೆಯ ಶತಮಾನದ ಅಂತ್ಯದಲ್ಲಿಯೂ 13ನೆಯ ಶತಮಾನದ ಆದಿಯಲ್ಲಿಯೂ ಬಾಳಿದ ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆ ಎಂಬವನು ಮಧ್ಯಯುಗದ ಜರ್ಮನ್ ಗೀತಕಾರರಲ್ಲಿ ಅಗ್ರಗಣ್ಯನು. ಈತನ ಹೆಸರಿನಲ್ಲಿ ಸುಮಾರು 90 ಗೀತಗಳೂ, ರಾಜನೀತಿ ಲೋಕನೀತಿಗಳನ್ನು ಕುರಿತ ಸುಮಾರು 150 ಬಿಡಿಪದ್ಯಗಳೂ ಉಳಿದುಬಂದಿವೆ. ಕೃತಿರಾಶಿಯು ಇಷ್ಟು ವಿಪುಲವಾಗಿದ್ದರೂ, ಕಾವ್ಯಗಳನ್ನು ಬಿಟ್ಟರೆ ಈತನ ಜೀವಿತಕಾಲದ ದಾಖಲೆಯಾಗಿ ದೊರೆತಿರುವುದು ಲೆಕ್ಕದ ಕಡತದ ಒಂದೇ ಒಂದು ಪಂಕ್ತಿ.

ಪಾಸೌ ನಗರದ ಬಿಷಪ್ಪನಾದ ವೊಲ್ಫ್‌ಗೆರನ ಪ್ರಯಾಣವೆಚ್ಚದ ಲ್ಯಾಟಿನ್ ಲೆಕ್ಕದಲ್ಲಿ ಆ ಪಂಕ್ತಿಯಿದೆ. 1203ನೆಯ ನವೆಂಬರ್ 12ರಂದು, ವಿಯೆನ್ನಾ ಸಮೀಪದ ತ್ಸೈಸೆಲ್‌ಮೌವರ್ ಎಂಬಲ್ಲಿ, ವಾಲ್ಟರನೆಂಬ ಗಾಯಕನಿಗೆ ತುಪ್ಪುಳಿನ ಮೇಲಂಗಿಗಾಗಿ 150 ಬೆಳ್ಳಿಯ ನಾಣ್ಯಗಳ ಬೆಲೆಯ ಹಣವನ್ನು ಕೊಟ್ಟಂತೆ ಅದರಿಂದ ತಿಳಿದುಬರುತ್ತದೆ. ಅಲ್ಲಿ ಈತನಿಗೆ ಗಾಯಕನೆಂಬ ವಿಶೇಷಣವಲ್ಲದೆ ಬೇರೆ ಬಿರುದಿಲ್ಲ. ಈತನು ವೀರಭಟರ ವರ್ಗದವನೆಂದು ಸಾಧಿಸಲು ಈ ದಾಖಲೆಯು ನೆರವಾಗದು. ಅಲ್ಲವೆಂದು ಸಾಧಿಸಲೂ ಸಾಲದು. ಕಾಲ, ದೇಶ, ವೃತ್ತಿ ಎಂಬ ಮೂರು ಮಾತ್ರ ಇದರಿಂದ ನಿಶ್ಚಿತವಾಗುವುವು.

ಮಿಕ್ಕುದೆಲ್ಲವೂ ಅಂತಸ್ಸಾಕ್ಷ್ಯದಿಂದ ಊಹಿಸತಕ್ಕದ್ದು. ಜನನವು 1170ರ ಸುಮಾರು ಎಂಬುದು ವಿದ್ವಾಂಸರ ಎಣಿಕೆ. ಜನ್ಮಸ್ಥಳದ ವಿಷಯದಲ್ಲಿ ಹಲವು ಪ್ರಾಂತಗಳು ವಾದ ಹೂಡಿವೆ. ದಕ್ಷಿಣ ಟಿರೋಲಿನ ಬೋಟ್ಸೆನ್ ನಗರದಲ್ಲಿ 1889ರಲ್ಲಿ ಈತನ ಪ್ರತಿಮೆಯನ್ನೂ ನಿಲ್ಲಿಸಿದರು. ಆದರೆ ಫೋಗೆಲ್‌ವೈಡೆ ಎಂದರೆ ಹಕ್ಕಿಗಳ ತಾಣವೆಂದರ್ಥ. ಆ ಹೆಸರಿನ ಸ್ಥಳಗಳು ಅನೇಕವಿದ್ದುದರಿಂದ ಹೆಸರು ಮಾತ್ರವೇ ಪ್ರಮಾಣವಾಗಲಾರದು. ಹಾಡುವ ವಿದ್ಯೆಯನ್ನು ಆಸ್ಟ್ರಿಯದಲ್ಲಿ ಕಲಿತೆನೆಂದು ಕವಿಯೇ ಹೇಳಿಕೊಂಡಿರುವನು. ವಿಯೆನ್ನಾದ ಆಸ್ಥಾನದಲ್ಲಿ ರೈನ್ಮಾರನೆಂಬ ಹಿರಿಯ ಗೀತಕಾರನೊಡನೆ ಈತನಿಗೆ ಸ್ಪರ್ಧೆಯಿದ್ದಿತು. ರೈನ್ಮಾರನು ಸತ್ತಾಗ ರಚಿಸಿದ ಚರಮಪದ್ಯದಲ್ಲಿ, ಆ ಮನುಷ್ಯನಿಗಾಗಿ ಅಷ್ಟಲ್ಲ, ಅವನ ಕಲೆಗಾಗಿ ಶೋಕಿಸುವೆನೆಂದು ಸ್ಪಷ್ಟವಾಗಿ ನುಡಿದಿರುವನು. ಮುಖಸ್ತುತಿಯು ಈತನ ಸ್ವಭಾವವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

1197ರಲ್ಲಿ ಚಕ್ರವರ್ತಿ 6ನೆಯ ಹೆನ್ರಿಯೂ, 1198ರಲ್ಲಿ ಆಸ್ಟ್ರಿಯದ ಡ್ಯೂಕ್ ಫ್ರೆಡರಿಕನೂ ತೀರಿಕೊಂಡರು. ಕವಿಗೆ ವಿಯೆನ್ನಾದ ಆಶ್ರಯವು ತಪ್ಪಿತು. ರಾಜ್ಯಕ್ಕೆ ಒಡೆಯನು ತಪ್ಪಿದನು. ಅದೇ 1198ರಲ್ಲಿ ಸ್ವಾಬಿಯದ ಫಿಲಿಪ್ಪನನ್ನು ಒಂದು ಪಕ್ಷವೂ ಆಟೋವನ್ನು ಮತ್ತೊಂದು ಪಕ್ಷವೂ ರಾಜನನ್ನಾಗಿ ಆರಿಸಿದುವು. ವಾಲ್ಟರನು ಫಿಲಿಪ್ಪನ ಪರವಾಗಿ ಹಾಡಿದನು. 1208ರಲ್ಲಿ ಫಿಲಿಪ್ಪನು ಕೊಲೆಯಾದ ತರುವಾಯ ಆಟೋವನ್ನೂ, ಅನಂತರ 2ನೆಯ ಫ್ರೆಡರಿಕನನ್ನೂ ಆಶ್ರಯಿಸಿದನು. ಇದರಿಂದ ಈತನನ್ನು ಕೇವಲ ಕೂಳಿಗಾಗಿ ಪಕ್ಷ ಬದಲಿಸಿದವನೆಂದು ಆಕ್ಷೇಪಿಸಬಹುದಾಗಿದೆ.

ಈ ಆಕ್ಷೇಪವು ಸಂಪೂರ್ಣವಾಗಿ ನಿರಾಧಾರವಲ್ಲ. ಕೊಡುಗೆಯನ್ನು ಬಹಿರಂಗವಾಗಿ ಬೇಡಿದ ಪದ್ಯಗಳು ಈತನಲ್ಲಿವೆ. ಆದರೆ ಫಿಲಿಪ್ಪನ ಆಶ್ರಯದಲ್ಲಿದ್ದಾಗಲೇ ಅವನ ಕೈಬಿಗಿತವನ್ನು ಟೀಕಿಸಿದವನೂ, ಆಟೋವಿನ ದೇಹದ ಎತ್ತರಕ್ಕೆ ತಕ್ಕ ಔದಾರ್ಯವಿಲ್ಲವೆಂದು ಹಾಸ್ಯಮಾಡಿದವನೂ ಈತನೇ. ಇನ್ನೊಂದು ಸಂಗತಿಯು ಇದಕ್ಕಿಂತಲೂ ಮುಖ್ಯವಾದುದು: ಒಡೆಯರು ಮೂವರಾದರೂ ಪ್ರತಿಪಾದಿಸಿದ ವಿಷಯವು ಒಂದೇ. ರಾಜನ ಆಯ್ಕೆಯಲ್ಲಿ ರೋಮಿನ ಗುರುಪೀಠವು ಕೈಹಾಕಬಾರದೆಂಬುದೇ ಅದು. 1213ರ ಸುಮಾರಿನಲ್ಲಿ ಪೋಪ್ 3ನೆಯ ಇನ್ನೊಸೆಂಟನು ಇಗರ್ಜಿಗಳಲ್ಲಿ ಇರಿಸಿದ ಕಾಣಿಕೆಪೆಟ್ಟಿಗೆಯನ್ನು ಕುರಿತು ಈತನು ರಚಿಸಿದ ಕಟುವಿಡಂಬನೆಯು ದೂರದವರೆಗೂ ಹರಡಿತು. ತೋಮಾಸಿನ್ ಎಂಬ ಸಮಕಾಲೀನ ಕವಿಯು 1215–16ರ ತನ್ನ ನೀತಿಕಾವ್ಯದಲ್ಲಿ, ಹೆಸರೆತ್ತದೆಯೇ, ಆ ಹಾಡುಗಾರನು ಸಾವಿರಾರು ಜನರನ್ನು ದಾರಿತಪ್ಪಿಸಿದನೆಂದು ನೊಂದು ಬರೆದಿರುವನು. ವಿರೋಧಿಯ ಈ ದೂರೇ ಈತನ ವಾಣಿಯ ಪ್ರಭಾವಕ್ಕೆ ಬಲವಾದ ಸಾಕ್ಷ್ಯ. ತೋಮಾಸಿನನು ಅಕ್ವಿಲೇಯದ ಧರ್ಮಪೀಠಕ್ಕೆ ಸೇರಿದವನು. ಆ ಪೀಠಾಧಿಪತಿಯಾದರೋ 1204ರಲ್ಲಿ ಅಲ್ಲಿಗೆ ಹೋದ ವೊಲ್ಫ್‌ಗೆರನೇ, ಎಂದರೆ ಹಿಂದೆ ಮೇಲಂಗಿಯನ್ನು ಕೊಡಿಸಿದವನೇ. ಆದುದರಿಂದ ವಾಲ್ಟರನನ್ನು ಗುರುವರ್ಗದ ಶತ್ರುವೆನ್ನುವುದೂ, ಉಂಡ ಮನೆಯನ್ನೆಲ್ಲ ಹೊಗಳಿದವನೆನ್ನುವುದೂ ಎರಡೂ ಅತ್ಯುಕ್ತಿಗಳೇ.

ಶೃಂಗಾರಗೀತಗಳಲ್ಲಿಯೂ ಇದೇ ಸ್ವಾತಂತ್ರ್ಯವು ಕಾಣುತ್ತದೆ. ಆಗಿನ ಆಸ್ಥಾನಕವಿಗಳು ಎಟುಕದ ಕುಲಸ್ತ್ರೀಯನ್ನು ಕುರಿತು ವಿಪ್ರಲಂಭವನ್ನೇ ಹಾಡುತ್ತಿದ್ದರು. ವಾಲ್ಟರನು ಆ ಸಂಪ್ರದಾಯದಲ್ಲಿಯೇ ಬೆಳೆದವನಾದರೂ, ಪ್ರೇಮವು ಉಭಯಾನುರಾಗವಾಗಿರಬೇಕೆಂದು ವಾದಿಸಿದನು. ಕುಲವನ್ನು ಸೂಚಿಸುವ ಒಡತಿಯೆಂಬ ಹೆಸರಿಗಿಂತ ಹೆಣ್ಣೆಂಬ ಹೆಸರೇ ಮಿಗಿಲೆಂದು ಸಾರಿದನು.

1220ರ ಸುಮಾರಿನಲ್ಲಿ 2ನೆಯ ಫ್ರೆಡರಿಕನು ಈತನಿಗೆ ಉಂಬಳಿಯೊಂದನ್ನು ಕೊಟ್ಟನೆಂಬುದು ಕವಿಯ ಹರ್ಷೋಕ್ತಿಯಿಂದಲೇ ತಿಳಿಯಬರುವುದು. ಮುಂಬರುವ ಚಳಿಗಾಲಕ್ಕೆ ಇನ್ನು ಹೆದರಬೇಕಾಗಿಲ್ಲವೆಂಬ ಆತನ ಭಾವವನ್ನು, ನವೆಂಬರಿನ ಆ ಮೇಲಂಗಿಯ ಲೆಕ್ಕದೊಡನೆ ಓದಿದಾಗಲೇ ಅದರ ಪೂರ್ಣಾರ್ಥವು ತಿಳಿಯುವುದು. 1230ರ ಸುಮಾರಿನಲ್ಲಿ ಮೃತನಾದ ಈತನ ಸಮಾಧಿಯು ವುರ್ಟ್ಸ್‌ಬುರ್ಗಿನಲ್ಲಿತ್ತೆಂದು 14ನೆಯ ಶತಮಾನದ ಬರಹಗಳು ಹೇಳುತ್ತವೆ. ಕಾವ್ಯವು ಕವಿಯ ಮನಸ್ಸನ್ನು ತಿಳಿಸಿದರೆ, ಲೆಕ್ಕದ ಪಂಕ್ತಿಯು ಆತನ ಬದುಕನ್ನು ತಿಳಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದರಿಂದ ಚರಿತ್ರೆಯು ಸಿದ್ಧಿಸದು.