ಮೇಲಿನ ಮೊರ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ. ಆ ಕಾಲದ ದಾನಶಾಸನಗಳನ್ನು ಓದುವವರಿಗೆ ‘ಧಾರಾಪೂರ್ವಕ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಹೊಲಗದ್ದೆಯನ್ನು ಸುತ್ತಿ ಕಟ್ಟಿ ಕೊಡಲಾಗದಲ್ಲ, ಕೈಗೆ ನೀರೆರೆದು ಕೊಟ್ಟರು. ಇದು ಮಾರಿದ್ದಲ್ಲ, ಕೊಟ್ಟದ್ದು ಎಂದು ತೋರಿಸಲು ಒಂದು ಗುರುತು ಬೇಕಿತ್ತು. ಮನೆಗಳಲ್ಲಿ ಆ ಕೆಲಸವನ್ನು ಮೊರ ಮಾಡಿತು.

ಭಾದ್ರಪದ ಶುದ್ಧ ತದಿಗೆಯ ಗೌರಿಹಬ್ಬದಲ್ಲಿ ಈ ಸೀಮೆಯವರು ಕೊಡುವ ಮೊರದ ಬಾಗಿನವನ್ನು (ಆಡುಮಾತಿನಲ್ಲಿ ‘ಮರದ ಬಾಗಿನ’) ನೋಡಿ. ಅರಿಶಿನ ಹಚ್ಚಿದ ಬಿದಿರಿನ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುತ್ತಾರೆ. ಒಳಗೇನಿದೆ ಎಂಬುದು ಗುಟ್ಟಲ್ಲ, ಆದರೂ ಮುಚ್ಚಿಯೇ ಕೊಡಬೇಕು. ಹಬ್ಬ ಮುಗಿದ ಮರುದಿನ ಆ ಎರಡೂ ಮೊರಗಳು ಅಕ್ಕಿ ಕೇರಲು, ರಾಗಿಯ ಹೊಟ್ಟು ಹಾರಿಸಲು ಇಳಿಯುತ್ತಿದ್ದವು. ಹೊದಿಕೆಯೂ ಉಡುಗೊರೆಯ ಲೆಕ್ಕಕ್ಕೇ ಸೇರುತ್ತಿತ್ತು. ಮೊರ ಹೆಣೆಯುವ ಮೇದರ ಕಸುಬೂ ಹಳೆಯದು. ಹನ್ನೆರಡನೇ ಶತಮಾನದ ಶರಣ ಮೇದರ ಕೇತಯ್ಯನ ಕಾಯಕ ಅದೇ.

ಹೊದಿಕೆ ಎಂದರೆ ಹರಿದು ಬಿಸಾಡುವುದು ಎಂಬ ಅಭ್ಯಾಸ ತೀರ ಈಚಿನದು. 1917ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತುವ ತೆಳುಕಾಗದ ಮುಗಿದುಹೋಯಿತು. ಲಕೋಟೆಗಳ ಒಳಗೆ ಅಂಟಿಸಲೆಂದು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಹಾಳೆಗಳನ್ನೇ ಮಾರಾಟಕ್ಕಿಟ್ಟರು. ಅವು ಖರ್ಚಾದ ವೇಗ ನೋಡಿ ಅದನ್ನೇ ವ್ಯಾಪಾರ ಮಾಡಿಕೊಂಡರು. ಅದೇ ಮುಂದೆ ಹಾಲ್‌ಮಾರ್ಕ್ ಕಂಪನಿ. ನಮ್ಮ ಹುಟ್ಟುಹಬ್ಬಗಳಲ್ಲಿ ಹರಿದು ಬೀಳುವ ಮಿರುಗು ಕಾಗದದ ಪೂರ್ವಿಕರನ್ನು ಹುಡುಕಿದರೆ ನೂರು ಚಿಲ್ಲರೆ ವರ್ಷ ಹಿಂದೆ ಹೋದರೆ ಸಾಕು. ಈಗ ಅದಕ್ಕೆ ಬದಲಿಯಾಗಿ ಎಲ್ಲರೂ ಜಪಾನಿನ ಫುರೋಶಿಕಿ ಬಟ್ಟೆಯ ಹೆಸರು ಹೇಳುತ್ತಾರೆ. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಅದನ್ನು ಮತ್ತೆ ಬಳಕೆಗೆ ತರಲು ಹೊರಟಿದ್ದರು. ಒಳ್ಳೆಯದೇ. ಗಂಟು ಕಟ್ಟುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ, ಅಷ್ಟೆ.

ಆದರೆ ‘ನಮ್ಮಲ್ಲಿ ಎಲ್ಲವೂ ಇತ್ತು’ ಎಂದು ಬೀಗುವುದಕ್ಕೂ ಮೊರ ಬಿಡುವುದಿಲ್ಲ. ಅಕ್ಕಿ ಗಿರಣಿಯಿಂದ ಹಸನಾಗಿ ಬರುವ ಮನೆಯಲ್ಲಿ ಮೊರಕ್ಕೇನು ಕೆಲಸ? ಹಾಗಾಗಿ ಬಾಗಿನಕ್ಕೆಂದೇ ಅಂಗೈಯಗಲದ ಮೊರಗಳು ಬಂದಿವೆ, ಪ್ಲಾಸ್ಟಿಕ್ಕಿನವೂ ಬಂದಿವೆ. ಅವುಗಳಲ್ಲಿ ಕೇರಲಾಗದು, ಅಟ್ಟಕ್ಕೆ ಸೇರುತ್ತವೆ. ರವಿಕೆ ಕಣದ ಪಾಡೂ ಇದೇ. ಸೀರೆಯ ಜೊತೆಗೇ ರವಿಕೆ ಬಟ್ಟೆ ಬರತೊಡಗಿದ ಮೇಲೆ ಕಣವನ್ನು ಹೊಲಿಸುವವರು ಕಡಿಮೆ. ಒಬ್ಬರು ಕೊಟ್ಟದ್ದನ್ನು ಮಡಿಕೆ ಬಿಚ್ಚದೆ ಇನ್ನೊಬ್ಬರಿಗೆ ಕೊಡುತ್ತಾರೆ. ಮರುಬಳಕೆ ಎನ್ನುವುದಾದರೆ ಇದಕ್ಕಿಂತ ದೊಡ್ಡದು ಉಂಟೆ! ಬಳಕೆಯೇ ಆಗದೆ ಮರುಬಳಕೆಯಾಗುತ್ತಿದೆ. ಬಿದಿರೋ ಹತ್ತಿಯೋ ಎಂಬುದು ನನಗೆ ಎರಡನೆಯ ಪ್ರಶ್ನೆ; ಪಡೆದವರ ಮನೆಯಲ್ಲಿ ಅದಕ್ಕೊಂದು ಕೆಲಸವಿದೆಯೇ ಎಂಬುದು ಮೊದಲನೆಯದು.

ಈ ಪ್ರಶ್ನೆಗೆ ಮದುವೆಯ ತಾಂಬೂಲದ ಚೀಲ ಉತ್ತರ ಕೊಡುತ್ತದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಮದುವೆಮನೆಗಳಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಡುವ ಬಟ್ಟೆಚೀಲದ ಮೇಲೆ ವಧೂವರರ ಹೆಸರು, ತಾರೀಖು ಅಚ್ಚಾಗಿರುತ್ತದೆ. ಮನೆಗೆ ಬಂದ ಮೇಲೆ ಅದನ್ನು ಯಾರೂ ಅಟ್ಟಕ್ಕೆ ಹಾಕುವುದಿಲ್ಲ. ಅದು ಸಂತೆಗೆ ಹೋಗುತ್ತದೆ, ಸೊಪ್ಪು ತರುತ್ತದೆ, ಒಗೆದು ಒಗೆದು ವರನ ಹೆಸರು ಮಾಸಿದರೂ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿರುತ್ತದೆ.