ರೇಡಿಯೋಗೆ ಹೊಸ ಯಜಮಾನ ಬಂದರೆ...

2024ರ ಮೇ ತಿಂಗಳಲ್ಲಿ ಮುಂಬಯಿಯ ಕಂಪನಿ ನ್ಯಾಯಮಂಡಳಿ ಬಿಗ್ ಎಫ್‌ಎಂ ಅನ್ನು ಸಫೈರ್ ಮೀಡಿಯಾ ಕೈಗೆ ಕೊಡಲು ಒಪ್ಪಿಗೆ ಕೊಟ್ಟಿತು. ಬೆಲೆ ಸುಮಾರು 261 ಕೋಟಿ. 2019ರಲ್ಲಿ ರೇಡಿಯೋ ಸಿಟಿಯವರು ಇದನ್ನೇ ಕೊಳ್ಳಲು ಹೊರಟಾಗ ಮಾತಾಗಿದ್ದು 1,050 ಕೋಟಿಗೆ! ಆ ವ್ಯಾಪಾರ ಕುದುರಲಿಲ್ಲ, ಕಂಪನಿ ದಿವಾಳಿಯ ಕಟಕಟೆ ಹತ್ತಿತು. ಆ ಬಳಗದ ಐವತ್ತಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ನಮ್ಮ ಮಂಗಳೂರಿನ 92.7 ಕೂಡ ಒಂದು.

ಎರಡನೇ ಸುತ್ತಿನ ಹರಾಜಿನಲ್ಲಿ ಎಫ್‌ಎಂ ಸಿಕ್ಕಿದ್ದು ಮಂಗಳೂರಿಗೆ, ಉಡುಪಿಗಲ್ಲ. ಹಾಗಾಗಿ ಕಾಪು, ಉಡುಪಿ, ಮಣಿಪಾಲದವರದ್ದು ಪಕ್ಕದ ಮನೆಯ ಪಾಯಸದ ಪರಿಮಳದ ಹಾಗೆ, ಬಂದಷ್ಟು ಬಂತು. ಎಫ್‌ಎಂ ಅಲೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ಕಾರ್ಕಳದ ಕಡೆಯವರನ್ನು ಕೇಳಿ ನೋಡಿ :)

ಯಜಮಾನ ಬದಲಾದರೆ ಏನಾಗುತ್ತದೆ? ಹಳೇ ಕಥೆ ನೋಡೋಣ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ 30 ವಾಟ್‌ನ ಪುಟ್ಟ ಯಂತ್ರ ಇಟ್ಟು ರೇಡಿಯೋ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಆ ಮನೆಯದ್ದು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಕೇಂದ್ರ ಸರ್ಕಾರ. 1955ರಲ್ಲಿ ಸ್ಟೇಷನ್ನೇ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ಸ್ವಂತ ಸ್ಟೇಷನ್ ಸಿಕ್ಕಿದ್ದು 1974ರಲ್ಲಿ. ಅಂದರೆ ಹೆಸರು ದೇಶಕ್ಕೆಲ್ಲ ಹರಡಿತು, ಊರಿಗೇ ರೇಡಿಯೋ ಇಲ್ಲ!

ಮಾಲೀಕ ಅವನೇ ಇದ್ದು ಮಂತ್ರಿ ಬದಲಾದರೂ ಸಾಕು. 1952ರಲ್ಲಿ ಬಂದ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ಬೇಡ, ಶಾಸ್ತ್ರೀಯ ಸಂಗೀತ ಕೇಳಿ ಅಂದರು. ಜನ ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಈಗ 92.7ರ ವಿಷಯ. ನನ್ನ ಊಹೆ ಇಷ್ಟು: ಐವತ್ತು ಚಿಲ್ಲರೆ ಸ್ಟೇಷನ್ ಕೊಂಡವನು ಮೊದಲು ನೋಡುವುದು ಸಂಬಳದ ಪಟ್ಟಿ. ರಾತ್ರಿ, ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಮಾಡಿದ ಒಂದೇ ಕಾರ್ಯಕ್ರಮವನ್ನು ಎಲ್ಲ ಕಡೆ ಬಿಡುವುದು ಸುಲಭ. ಬೆಳಗ್ಗಿನ ಹೊತ್ತು ಮುಟ್ಟಲಿಕ್ಕಿಲ್ಲ. ಯಾಕೆಂದರೆ ಚಿನ್ನದಂಗಡಿ, ಬಟ್ಟೆಯಂಗಡಿಯ ಜಾಹೀರಾತಿಗೆ ಊರಿನ ಬಾಯಿ ಬೇಕು. ತುಳು ಉಳಿದರೆ ಅಭಿಮಾನದಿಂದ ಅಲ್ಲ ಮಾರಾಯ್ರೆ, ಅಂಗಡಿಯವರ ದಯೆಯಿಂದ. ಹೇಗೂ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಹೇಳುವ ಹಕ್ಕಿಲ್ಲ, ಆಕಾಶವಾಣಿಯ ವಾರ್ತೆಯನ್ನು ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಹಾಗಾಗಿ ಊರಿನದ್ದು ಅಂತ ಉಳಿಯುವುದು ನಿರೂಪಕರ ಹರಟೆ ಒಂದೇ. ಅದನ್ನೂ ತೆಗೆದರೆ ಬರೀ ಹಾಡಿಗೆ ಮೊಬೈಲು ಸಾಕಲ್ಲ?

ತುಳು, ಕೊಂಕಣಿ, ಯಕ್ಷಗಾನಕ್ಕೆ ಜಾಗ ಕೊಟ್ಟಿದ್ದು 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ. ಅದರ ಮೀಡಿಯಂ ವೇವ್ ಕಂಬ ನಿಲ್ಲಿಸಿದ್ದು ನಮ್ಮ ಬ್ರಹ್ಮಾವರದಲ್ಲೇ. ಮಣಿಪಾಲದಲ್ಲಿ ಈಗ 90.4ರ ಸಮುದಾಯ ರೇಡಿಯೋ ಇದೆ, ಅದನ್ನು ನಡೆಸುವುದು ವಿಶ್ವವಿದ್ಯಾಲಯ. ಅಂಥ ರೇಡಿಯೋವನ್ನು ಮಾರಲಿಕ್ಕೆ ಕಾನೂನು ಬಿಡುವುದಿಲ್ಲ, ಆದರೆ ಅದರ ಶಕ್ತಿಯೂ ಕಡಿಮೆ, ಹತ್ತು-ಹದಿನೈದು ಕಿಲೋಮೀಟರ್ ದಾಟುವುದೇ ಕಷ್ಟ. ಕಾರ್ಕಳ ಮತ್ತೆ ಹೊರಗೇ ಉಳಿಯಿತು.